ಮೇಳಕ್ಕೆ ಮಿಕ್ಸರ್ ಕೊಳ್ಳುವ ಮುನ್ನ



ಶ್ರಾವಣದ ಭಜನೆ, ಗಣಪತಿ ಹಬ್ಬದ ಹಾಡು, ಸುಗ್ಗಿ ಮುಗಿದ ಮೇಲಿನ ಜಾತ್ರೆ—ಇವು ನಮ್ಮ ಹಳ್ಳಿಗಳಿಗೆ ಕಳೆ ತರತಕ್ಕ ದಿನಗಳು. ಹೊಲದಲ್ಲಿ ದುಡಿದ ಮೈಗೆ ರಾತ್ರಿ ನಾಲ್ಕು ಹಾಡು ಕೇಳಿದರೆ ದಣಿವು ಇಳಿಯುತ್ತದೆ. ಇಂದು ಬಹಳ ಊರುಗಳಲ್ಲಿ ಆರೇಳು ಮಂದಿ ಸೇರಿ ಒಂದು ಚಿಕ್ಕ ಮೇಳ ಕಟ್ಟಿಕೊಂಡಿದ್ದಾರೆ. ಇಬ್ಬರು ಮೂವರು ಹಾಡುವವರು, ಒಂದು ಹಾರ್ಮೋನಿಯಂ, ಒಂದು ತಬಲ ಅಥವಾ ಢೋಲಕ್, ತಾಳ, ದಮ್ಮಡಿ. ಕೆಲವೆಡೆ ಒಂದು ಕೀಬೋರ್ಡ್. ಇಂಥ ಮೇಳದವರು ಈಗ ಕೇಳುವ ಪ್ರಶ್ನೆ ಒಂದೇ: “ನಮ್ಮದೇ ಆದ ಮೈಕ್ ಸೆಟ್ ಬೇಕು. ಕಡಿಮೆ ಹಣದಲ್ಲಿ ಯಾವುದನ್ನು ಕೊಳ್ಳೋಣ?”

ಈ ಪ್ರಶ್ನೆ ಸಣ್ಣದಲ್ಲ. ಮಂಡಲಿಯ ಹಣವೆಂದರೆ ಊರಿನ ಹಣ. ಮನೆಮನೆಯಿಂದ ವಂತಿಗೆ ಎತ್ತಿ, ಕಾಳು ಕಡ್ಡಿ ಮಾರಿ, ಹುಂಡಿಯ ಚಿಲ್ಲರೆ ಕೂಡಿಸಿ ಆದ ಗಂಟು ಅದು. ಅಂಗಡಿಗೆ ಹೋದವರಿಗೆ ಪೆಟ್ಟಿಗೆಯ ಮೇಲೆ ‘ಎರಡು ಸಾವಿರ ವ್ಯಾಟ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುವುದು ಕಾಣುತ್ತದೆ. ಜೋರಾಗಿದ್ದರೆ ಒಳ್ಳೆಯದೆಂದು ಕೊಂಡು ತರುತ್ತಾರೆ. ಊರಿಗೆ ತಂದು ಹಚ್ಚಿದರೆ ಹಾಡು ಕೇಳುವ ಬದಲು ಬರೀ ಕೂಗು ಕೇಳುತ್ತದೆ. ಇಲ್ಲವೇ ಎರಡನೆಯ ದಿನವೇ ಸ್ಪೀಕರ್ ಸುಡುತ್ತದೆ. ಆಮೇಲೆ ಯಾರು ಆರಿಸಿದವರು, ಯಾರು ಹಣ ಕೊಟ್ಟವರು ಎಂಬ ಮಾತು ಎದ್ದು, ಹಾಡುವುದಕ್ಕೆ ಕೂಡಿದ ಮಂಡಲಿ ಜಗಳದಲ್ಲಿ ಒಡೆಯುತ್ತದೆ. ಆದುದರಿಂದ ಹಣ ಕೈಬಿಡುವ ಮೊದಲೇ ನಾಲ್ಕು ವಿಷಯ ತಿಳಿದಿರುವುದು ಲೇಸು.

ಪವರ್ಡ್ ಮಿಕ್ಸರ್ ಎಂದರೇನು?

ಹಲವು ಮೈಕುಗಳ ಧ್ವನಿಯನ್ನು ಹದವಾಗಿ ಕೂಡಿಸುವ ಯಂತ್ರಕ್ಕೆ ಮಿಕ್ಸರ್ ಎನ್ನುತ್ತಾರೆ. ಹಾಗೆ ಕೂಡಿದ ಧ್ವನಿಗೆ ಬಲ ಕೊಟ್ಟು ಸ್ಪೀಕರಿಗೆ ಕಳಿಸುವ ಯಂತ್ರ ಆಂಪ್ಲಿಫೈಯರ್. ಇವೆರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದು ಪವರ್ಡ್ ಮಿಕ್ಸರ್.

ನಿಮ್ಮ ತೋಟದ ಲೆಕ್ಕದಲ್ಲಿಯೇ ನೋಡಿ. ನಾಲ್ಕಾರು ಕಾಲುವೆಗಳ ನೀರು ಬಂದು ಒಂದು ತೊಟ್ಟಿಗೆ ಬೀಳುತ್ತದೆ. ಪ್ರತಿ ಕಾಲುವೆಗೂ ಒಂದು ತೂಬು. ಯಾವುದರಿಂದ ಎಷ್ಟು ನೀರು ಬರಬೇಕೆಂದು ತೂಬು ಎತ್ತಿ ಇಳಿಸಿ ಹದ ಮಾಡುತ್ತೀರಿ. ತೊಟ್ಟಿಯಿಂದ ಪಂಪು ನೀರನ್ನೆತ್ತಿ ಪೈಪಿನ ಮೂಲಕ ಹೊಲಕ್ಕೆ ನೂಕುತ್ತದೆ. ಮೈಕುಗಳೇ ಕಾಲುವೆಗಳು, ಮಿಕ್ಸರಿನ ತಿರುಪುಗಳೇ ತೂಬು, ಆಂಪ್ಲಿಫೈಯರ್ ಪಂಪು, ಸ್ಪೀಕರ್ ನೀರು ಚಿಮ್ಮುವ ನಳಿಗೆ. ಇವುಗಳಲ್ಲಿ ಒಂದು ಕೆಟ್ಟದ್ದಾಗಿದ್ದರೆ ಉಳಿದವು ಎಷ್ಟು ಒಳ್ಳೆಯವಾದರೂ ಹೊಲಕ್ಕೆ ನೀರು ಸರಿಯಾಗಿ ಹರಿಯದು. ಬಾವಿಯಲ್ಲಿ ನೀರಿಲ್ಲದೆ ಹತ್ತು ಅಶ್ವಶಕ್ತಿಯ ಪಂಪು ಇಟ್ಟರೆ ಏನು ಫಲ?

ಮಿಕ್ಸರ್ ಬೇರೆ, ಒಳಗೇ ಆಂಪ್ಲಿಫೈಯರ್ ಇರುವ ಸ್ಪೀಕರ್ ಬೇರೆ ಎಂದು ಕೊಳ್ಳುವ ಪದ್ಧತಿಯೂ ಇದೆ. ಅದಕ್ಕೆ ಪ್ರತಿ ಸ್ಪೀಕರ್ ಇರುವಲ್ಲಿಗೂ ಕರೆಂಟಿನ ವೈರು ಎಳೆಯಬೇಕು. ಗುಡಿಯ ಅಂಗಳದಲ್ಲಿ ಮಕ್ಕಳು ಮರಿ ತಿರುಗಾಡುವಲ್ಲಿ ಇದು ತೊಂದರೆ. ಪವರ್ಡ್ ಮಿಕ್ಸರಿಗೆ ಕರೆಂಟು ಒಂದೇ ಕಡೆ ಸಾಕು. ಅಲ್ಲಿಂದ ಸ್ಪೀಕರಿಗೆ ಹೋಗುವುದು ಸ್ಪೀಕರಿನ ವೈರು ಮಾತ್ರ. ಹೊತ್ತೊಯ್ಯಲೂ ಹಗುರ. ಆದರೆ ಪೆಟ್ಟಿಗೆ ಕೆಟ್ಟರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆಂಬ ಕುಂದೂ ಇದೆ. ಆದಕಾರಣ ರಿಪೇರಿ ಹತ್ತಿರದಲ್ಲಿ ದೊರಕುವ ಪೆಟ್ಟಿಗೆಯನ್ನೇ ಆರಿಸತಕ್ಕದ್ದು.

ಕೊಳ್ಳಬೇಕೇ, ಬಾಡಿಗೆಗೆ ತರಬೇಕೇ?

ಈ ಲೆಕ್ಕವನ್ನು ಮೊದಲು ಹಾಕಿರಿ. ಒಂದು ಉದಾಹರಣೆ. ಸೆಟ್ಟಿಗೆಲ್ಲ ಸೇರಿ ೪೦,೦೦೦ ರೂಪಾಯಿ ಎನ್ನೋಣ. ಬಾಡಿಗೆ ಒಂದು ರಾತ್ರಿಗೆ ೨,೦೦೦ ರೂಪಾಯಿ ಎನ್ನೋಣ. ವೈರು, ರಿಪೇರಿ, ಸಾಗಾಟ ಇವಕ್ಕೆ ವರ್ಷಕ್ಕೆ ೩,೦೦೦ ರೂಪಾಯಿ ಇಟ್ಟುಕೊಳ್ಳೋಣ. ನಿಮ್ಮ ಮೇಳ ವರ್ಷಕ್ಕೆ ಎಂಟು ಸಲ ಹಾಡುವುದಾದರೆ ಬಾಡಿಗೆ ೧೬,೦೦೦ ಆಗುತ್ತದೆ. ಸ್ವಂತದ್ದಿದ್ದರೆ ವರ್ಷಕ್ಕೆ ೧೩,೦೦೦ ಉಳಿಯುತ್ತದೆ; ಮೂರು ವರ್ಷ ದಾಟುವುದರೊಳಗೆ ಹಾಕಿದ ಹಣ ಬಹುಪಾಲು ತಿರುಗಿ ಬಂತು. ವರ್ಷಕ್ಕೆ ಎರಡೇ ಸಲ ಹಾಡುವ ಮೇಳವಾದರೆ ಉಳಿಯುವುದು ಸಾವಿರ ರೂಪಾಯಿ. ಹಾಕಿದ ಹಣ ತಿರುಗಿ ಬರಲು ನಲವತ್ತು ವರ್ಷ ಬೇಕು! ಅಂಥವರು ಬಾಡಿಗೆಗೆ ತರುವುದೇ ಜಾಣತನ. ಇಲ್ಲವೇ ನೆರೆಯ ಊರಿನವರೊಡನೆ ಪಾಲಿನಲ್ಲಿ ಕೊಳ್ಳಬಹುದು. ನಿಮ್ಮ ಊರಿನ ನಿಜವಾದ ದರಗಳನ್ನು ಹಾಕಿ ಇದೇ ಲೆಕ್ಕವನ್ನು ಸಭೆಯಲ್ಲಿ ಎಲ್ಲರೆದುರು ಮಾಡಿ ತೋರಿಸಿರಿ.

ಕೊಳ್ಳುವುದೇ ನಿಶ್ಚಯವಾದರೆ ಇದ್ದ ಹಣವನ್ನೆಲ್ಲ ಮಿಕ್ಸರಿಗೇ ಸುರಿಯಬೇಡಿ. ನೂರು ರೂಪಾಯಿ ಇದ್ದಲ್ಲಿ ಸುಮಾರಾಗಿ ನಲವತ್ತು ಮಿಕ್ಸರಿಗೆ, ನಲವತ್ತು ಸ್ಪೀಕರಿಗೆ, ಉಳಿದ ಇಪ್ಪತ್ತು ಮೈಕು, ಸ್ಟ್ಯಾಂಡು, ವೈರುಗಳಿಗೆ ಎಂದು ಹಂಚಿಕೊಳ್ಳಿರಿ. ಮೈಕು ವೈರುಗಳಿಗೆ ಹಣ ಉಳಿಯದೆ ಸಿಕ್ಕಿದ್ದನ್ನು ಕಟ್ಟಿಕೊಂಡು ಹಾಡುವ ಮೇಳಗಳೇ ಹೆಚ್ಚು.

ಮೊದಲು ಮೈಕುಗಳನ್ನು ಎಣಿಸಿರಿ

ಅಂಗಡಿಗೆ ಹೋಗುವ ಮುನ್ನ ಮೇಳದವರೆಲ್ಲರೂ ಯಾವಾಗಿನಂತೆ ಕುಳಿತು ಒಂದು ಹಾಡು ಹಾಡಿರಿ. ಯಾರಿಗೆ ಮೈಕು ಬೇಕು, ಯಾರಿಗೆ ಬೇಡ ಎಂಬುದನ್ನು ಒಬ್ಬರು ದೂರ ನಿಂತು ಗುರುತು ಹಾಕಿಕೊಳ್ಳಲಿ. ಮುಂದೆ ಹಾಡುವವರಿಗೆ ಎರಡು, ಹಿಂದೆ ದನಿಗೂಡಿಸುವವರಿಗೆಲ್ಲ ಸೇರಿ ಒಂದು, ಹಾರ್ಮೋನಿಯಮ್ಮಿಗೆ ಒಂದು, ತಬಲಕ್ಕೆ ಒಂದು: ಒಟ್ಟು ಐದು. ಕೀಬೋರ್ಡ್ ಇದ್ದರೆ ಅದರ ವೈರು ನೇರವಾಗಿ ಮಿಕ್ಸರಿಗೆ ಬರುತ್ತದೆ, ಅದು ಆರನೆಯದು. ತಾಳಕ್ಕೂ ದಮ್ಮಡಿಗೂ ಮೈಕು ಬೇಡ. ಅವು ಹಾಡುವವರ ಮೈಕಿನಲ್ಲಿಯೇ ಬೇಕಾದಷ್ಟು ಕೇಳುತ್ತವೆ. ಡೊಳ್ಳಿನವರಿಗಂತೂ ಮೈಕು ಕೊಡುವುದು ಹೊಳೆಗೆ ನೀರು ಹೊತ್ತಂತೆ.

ಮೈಕು ಅಥವಾ ವಾದ್ಯದ ವೈರು ಬಂದು ಸೇರುವ ಒಂದೊಂದು ಜಾಗಕ್ಕೂ ಚಾನೆಲ್ ಎನ್ನುತ್ತಾರೆ. ಮೇಲಿನಂಥ ಮೇಳಕ್ಕೆ ಆರು ಚಾನೆಲ್ ಬೇಕು. ಎಂಟಿದ್ದರೆ ಮುಂದೆ ಒಬ್ಬರಿಬ್ಬರು ಸೇರಿದರೂ ಸಾಕಾಗುತ್ತದೆ. ಹದಿನಾರು ಚಾನೆಲಿನ ಪೆಟ್ಟಿಗೆ ಕೊಂಡರೆ ಅರ್ಧ ತಿರುಪುಗಳಿಗೆ ಧೂಳು ಹಿಡಿಯುವುದಷ್ಟೇ ಫಲ.

ಎಣಿಸುವಾಗ ಒಂದು ಎಚ್ಚರ. ‘ಎಂಟು ಚಾನೆಲ್’ ಎಂದು ಬರೆದ ಪೆಟ್ಟಿಗೆಯಲ್ಲಿ ಕೆಲವು ಸಲ ನಾಲ್ಕಕ್ಕೆ ಮಾತ್ರ ಮೈಕು ಸಿಕ್ಕಿಸಬಹುದಾಗಿರುತ್ತದೆ. ಉಳಿದವು ಕೀಬೋರ್ಡ್, ಮೊಬೈಲ್ ಇಂಥವಕ್ಕೆ ಮಾತ್ರ. ಮೈಕಿಗೆ ಬೇಕಾದುದು ಮೂರು ಪಿನ್ನಿನ ದುಂಡು ಜಾಗ. ಅಂಥವು ಎಷ್ಟಿವೆಯೆಂದು ಬೆರಳಿಟ್ಟು ಎಣಿಸಿರಿ. ಪ್ರತಿ ಮೈಕಿನ ಚಾನೆಲಿಗೂ ಧ್ವನಿ ಹೆಚ್ಚು ಕಡಿಮೆ ಮಾಡುವ ತಿರುಪಿನ ಜೊತೆಗೆ, ದಪ್ಪ ದನಿ ಮತ್ತು ಸಣ್ಣ ದನಿಗಳನ್ನು ಹದ ಮಾಡುವ ಬಾಸ್, ಟ್ರೆಬಲ್ ತಿರುಪುಗಳು ಬೇರೆಬೇರೆಯಾಗಿ ಇರಬೇಕು. ತಬಲಕ್ಕೆ ಬೇಕಾದ ಹದ ಹಾಡುವವರಿಗೆ ಒಗ್ಗದು.

ಕೆಲವು ಮೈಕುಗಳು ಕೆಲಸ ಮಾಡಲು ಮಿಕ್ಸರೇ ೪೮ ವೋಲ್ಟ್ ವಿದ್ಯುತ್ತು ಕಳಿಸಬೇಕಾಗುತ್ತದೆ. ಇವಕ್ಕೆ ಕಂಡೆನ್ಸರ್ ಮೈಕುಗಳೆಂದು ಹೆಸರು. ನಮ್ಮ ಮೇಳಗಳಿಗೆ ಇವು ಅಗತ್ಯವಿಲ್ಲ. ಡೈನಮಿಕ್ ಎಂಬ ಜಾತಿಯ ಮೈಕುಗಳು ಗಟ್ಟಿಮುಟ್ಟಾದವು. ಅವಕ್ಕೆ ಹೊರಗಿನ ವಿದ್ಯುತ್ತು ಬೇಡ. ಅವುಗಳಲ್ಲಿಯೂ ಎದುರಿನ ದನಿಯನ್ನು ಹೆಚ್ಚಾಗಿ ಹಿಡಿದು ಹಿಂದಿನದನ್ನು ಬಿಡುವ ಜಾತಿ ಉತ್ತಮ. ‘ಕಾರ್ಡಿಯಾಯ್ಡ್ ಮೈಕು’ ಎಂದು ಕೇಳಿ ಕೊಳ್ಳಿರಿ.

ವ್ಯಾಟಿನ ಮೋಸಕ್ಕೆ ಬೀಳಬೇಡಿ

ಎಲ್ಲರೂ ಎಡವುವುದು ಇಲ್ಲಿಯೇ. ಎರಡು ಪಟ್ಟು ವ್ಯಾಟ್ ಇದ್ದರೆ ಎರಡು ಪಟ್ಟು ಜೋರು ಎಂದು ತಿಳಿಯುವುದು ತಪ್ಪು. ಧ್ವನಿಯ ಜೋರನ್ನು ಡೆಸಿಬೆಲ್ ಎಂಬ ಅಳತೆಯಿಂದ ಅಳೆಯುತ್ತಾರೆ. ವ್ಯಾಟನ್ನು ಎರಡು ಪಟ್ಟು ಮಾಡಿದರೆ ಏರುವುದು ಮೂರು ಡೆಸಿಬೆಲ್ ಮಾತ್ರ. ಅದು ಕಿವಿಗೆ ಸ್ವಲ್ಪ ವ್ಯತ್ಯಾಸವಾಗಿ ಮಾತ್ರ ಕೇಳಿಸುತ್ತದೆ. ಕಿವಿಗೆ ಎರಡು ಪಟ್ಟು ಜೋರೆನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಇನ್ನೂರರ ಪೆಟ್ಟಿಗೆಗೂ ನಾನೂರರ ಪೆಟ್ಟಿಗೆಗೂ ಬೆಲೆಯಲ್ಲಿ ಕಾಣುವಷ್ಟು ಅಂತರ ಕಿವಿಯಲ್ಲಿ ಕಾಣದು.

ಹೀಗಿರುವಲ್ಲಿ ನೋಡಬೇಕಾದುದು ಏನು? ಸ್ಪೀಕರಿನ ಸೂಕ್ಷ್ಮತೆ. ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಬರುತ್ತದೆಂಬುದೇ ಆ ಅಂಕೆ. ಇದು ಸ್ಪೀಕರಿನ ವಿವರದ ಹಾಳೆಯಲ್ಲಿ ಇರುತ್ತದೆ. ಅಂಗಡಿಯವರನ್ನು ‘ಸೆನ್ಸಿಟಿವಿಟಿ ಎಷ್ಟು?’ ಎಂದು ಕೇಳಿರಿ. ಒಂದು ಸ್ಪೀಕರಿನದು ೯೦, ಇನ್ನೊಂದರದು ೯೬ ಎಂದಿದ್ದರೆ, ಆರು ಡೆಸಿಬೆಲಿನ ಆ ಅಂತರ ನಾಲ್ಕು ಪಟ್ಟು ವ್ಯಾಟಿಗೆ ಸಮ. ಮೊದಲನೆಯದಕ್ಕೆ ೨೦೦ ವ್ಯಾಟ್ ಕೊಟ್ಟು ಬರಿಸುವ ಜೋರನ್ನು ಎರಡನೆಯದು ೫೦ ವ್ಯಾಟಿನಲ್ಲಿಯೇ ಕೊಡುತ್ತದೆ. ಹೆಚ್ಚು ಹಾಲು ಕೊಡುವ ಹಸುವಿಗೂ ಬರಿದೇ ಮೇವು ತಿನ್ನುವ ಹಸುವಿಗೂ ಇರುವ ವ್ಯತ್ಯಾಸವೇ ಇದು.

ದೂರದ ಲೆಕ್ಕವನ್ನೂ ತಿಳಿದಿರಿ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಆರು ಡೆಸಿಬೆಲ್ ಇಳಿಯುತ್ತದೆ. ೯೬ರ ಸ್ಪೀಕರಿಗೆ ೫೦ ವ್ಯಾಟ್ ಕೊಟ್ಟರೆ ಒಂದು ಮೀಟರಿನಲ್ಲಿ ಸುಮಾರು ೧೧೩ ಡೆಸಿಬೆಲ್. ೧೬ ಮೀಟರ್, ಅಂದರೆ ಐವತ್ತು ಅಡಿಗೂ ಸ್ವಲ್ಪ ಆಚೆ, ಸುಮಾರು ೮೯. ಇಬ್ಬರು ಎದುರುಬದುರು ನಿಂತು ಮಾತಾಡುವ ಜೋರು ಸುಮಾರು ೬೦. ಹಾಡಿನಲ್ಲಿ ಏರುದನಿ ಇಳಿದನಿಗಳಿಗೆ ಸಾಕಷ್ಟು ಜಾಗ ಬಿಟ್ಟರೂ, ಗುಡಿಯ ಅಂಗಳದಲ್ಲಿ ಕುಳಿತ ನೂರೈವತ್ತು ಇನ್ನೂರು ಜನಕ್ಕೆ, ಎರಡೂ ಕಡೆಗೆ ತಲಾ ೧೦೦ರಿಂದ ೧೫೦ ವ್ಯಾಟ್ ಕೊಡುವ ಪೆಟ್ಟಿಗೆ ಧಾರಾಳವಾಗಿ ಸಾಕು.

ವ್ಯಾಟಿನಲ್ಲಿಯೂ ಬಗೆಗಳಿವೆ. ಬಹಳ ಹೊತ್ತು ಎಡೆಬಿಡದೆ ಕೊಡಬಲ್ಲ ಶಕ್ತಿಗೆ ‘ಆರ್.ಎಂ.ಎಸ್.’ ವ್ಯಾಟ್ ಎನ್ನುತ್ತಾರೆ. ‘ಪೀಕ್’ ಎಂಬುದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಬರುವ ಶಕ್ತಿ. ‘ಪಿ.ಎಂ.ಪಿ.ಒ.’ ಎಂಬ ಅಂಕೆಗೆ ಅರ್ಥವೇ ಇಲ್ಲ. ಒಂದು ಎತ್ತು ಕೆಸರಿನಿಂದ ಗಾಡಿಯನ್ನು ಒಮ್ಮೆ ಕಿತ್ತು ಎಳೆದ ಬಲದಿಂದ ದಿನವಿಡೀ ಉಳುವುದೆಂದು ನೀವು ಲೆಕ್ಕ ಹಾಕುತ್ತೀರಾ? ಹಾಗೆಯೇ ಇಲ್ಲಿಯೂ ಆರ್.ಎಂ.ಎಸ್. ಅಂಕೆಯನ್ನು ಮಾತ್ರ ನಂಬಿರಿ. ‘೩೦೦ ವ್ಯಾಟ್’ ಎಂದು ಬರೆದಲ್ಲಿ ಎರಡೂ ಕಡೆ ಸೇರಿ ಅಷ್ಟೋ, ಒಂದೊಂದು ಕಡೆಗೆ ಅಷ್ಟೋ, ಎಷ್ಟು ಓಮ್ ಇದ್ದಾಗ ಅಷ್ಟೋ ಎಂಬುದನ್ನೂ ಕೇಳತಕ್ಕದ್ದು.

ಓಮ್ ಎಂಬ ಅಂಕೆ

ವಿದ್ಯುತ್ ಹರಿವಿಗೆ ಸ್ಪೀಕರ್ ಒಡ್ಡುವ ತಡೆಯನ್ನು ಓಮ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ ಸ್ಪೀಕರ್ ಬಾಕ್ಸಿನ ಹಿಂದೆ ೮ ಓಮ್ ಎಂದಿರುತ್ತದೆ. ಒಂದೇ ಕಡೆಗೆ ಅಂಥ ಎರಡು ಬಾಕ್ಸುಗಳನ್ನು ಅಕ್ಕಪಕ್ಕ ಜೋಡಿಸಿದರೆ ತಡೆ ೪ ಓಮಿಗೆ ಇಳಿಯುತ್ತದೆ. ನಾಲ್ಕನ್ನು ಜೋಡಿಸಿದರೆ ೨ ಓಮಿಗೆ. ಪೆಟ್ಟಿಗೆಯ ಹಿಂದೆ ‘ಕನಿಷ್ಠ ೪ ಓಮ್’ ಎಂದು ಬರೆದಿದ್ದರೆ ಅದಕ್ಕಿಂತ ಕೆಳಗೆ ಇಳಿಸಕೂಡದು. ಜಾತ್ರೆಯ ದಿನ ಉತ್ಸಾಹದಲ್ಲಿ ಪಕ್ಕದ ಊರಿನ ಎರಡು ಬಾಕ್ಸುಗಳನ್ನೂ ತಂದು ಕಟ್ಟುವುದರಿಂದಲೇ ಆಂಪ್ಲಿಫೈಯರುಗಳು ಕಾದು ಸುಡುವುದು.

ಊರಿನಲ್ಲಿ ಹಳೆಯ ಹಾರ್ನ್ ಇದ್ದು ಅದನ್ನೂ ಬಳಸಬೇಕೆನ್ನುವವರು ಇನ್ನೊಂದು ಮಾತು ತಿಳಿಯಬೇಕು. ಕೆಲವು ಹಾರ್ನುಗಳ ಯೂನಿಟ್ಟಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅವು ‘೧೦೦ ವೋಲ್ಟ್ ಲೈನ್’ ಎಂಬ ಜಾಗಕ್ಕೆ ಮಾತ್ರ ಸೇರತಕ್ಕವು. ಆ ಜಾಗಕ್ಕೆ ತಪ್ಪಿ ೮ ಓಮಿನ ಬಾಕ್ಸ್ ಕಟ್ಟಿದರೆ ಬಾಕ್ಸೂ ಆಂಪ್ಲಿಫೈಯರೂ ಹಾಳಾಗುತ್ತವೆ. ಹಾರ್ನಿನ ದನಿ ದೂರ ಹೋಗುವುದು ನಿಜ. ಆದರೆ ಅದರಲ್ಲಿ ದಪ್ಪ ದನಿ ಬರುವುದಿಲ್ಲ. ತಬಲದ ಎಡ, ಹಾರ್ಮೋನಿಯಮ್ಮಿನ ಕೆಳಗಿನ ಸ್ವರಗಳು ಹಾರ್ನಿನಲ್ಲಿ ಕಳೆದೇ ಹೋಗುತ್ತವೆ. ಸಾರಲು ಹಾರ್ನು, ಹಾಡಲು ಬಾಕ್ಸು.

ಕರೆಂಟಿಲ್ಲದ ಕಡೆಯೂ ಹಾಡಬೇಕು, ಬೆಳಗಿನ ಜಾವ ಊರ ಸುತ್ತ ಭಜನೆ ಹೊರಡಬೇಕು ಎನ್ನುವ ಮಂಡಲಿಯವರು ೧೨ ವೋಲ್ಟ್ ಬ್ಯಾಟರಿಯಿಂದಲೂ ನಡೆಯುವ ಸಾದಾ ಮಿಕ್ಸರ್ ಆಂಪ್ಲಿಫೈಯರನ್ನು ನೋಡಬಹುದು. ಪವರ್ಡ್ ಮಿಕ್ಸರುಗಳಲ್ಲಿ ಬಹಳಷ್ಟಕ್ಕೆ ಈ ಸೌಕರ್ಯವಿಲ್ಲ. ನೂರು ವ್ಯಾಟನ್ನು ಪೂರ್ತಿ ಹೊರಡಿಸುವಾಗ ೧೨ ವೋಲ್ಟ್ ಬ್ಯಾಟರಿಯಿಂದ ಎಂಟು ಆಂಪಿಯರಿಗೂ ಮೀರಿ ಎಳೆಯುತ್ತದೆ. ಆದುದರಿಂದ ಚಿಕ್ಕ ಬ್ಯಾಟರಿಯನ್ನು ನಂಬಿ ರಾತ್ರಿಯ ಕಾರ್ಯಕ್ರಮ ಒಪ್ಪಿಕೊಳ್ಳಬೇಡಿ.

ಕೂಗು ಏಕೆ ಬರುತ್ತದೆ?

ಸ್ಪೀಕರಿನಿಂದ ಹೊರಟ ದನಿ ಮತ್ತೆ ಮೈಕಿನೊಳಗೆ ಹೊಕ್ಕು, ಮತ್ತೆ ಬೆಳೆದು ಹೊರಬಂದು, ಹೀಗೆ ಸುತ್ತುವುದರಿಂದ ‘ಕುಂಯ್’ ಎಂಬ ಕೂಗು ಏಳುತ್ತದೆ. ಹೆಚ್ಚು ಬೆಲೆಯ ಪೆಟ್ಟಿಗೆ ತಂದರೆ ಇದು ನಿಲ್ಲುವುದಿಲ್ಲ. ಸ್ಪೀಕರುಗಳನ್ನು ಹಾಡುವವರ ಮುಂದೆ, ಎರಡು ಪಕ್ಕಕ್ಕೆ, ಜನರ ತಲೆಗಿಂತ ಎತ್ತರದಲ್ಲಿ, ಜನರ ಕಡೆಗೆ ತಿರುಗಿಸಿ ಇಡಿ. ಮೈಕುಗಳು ಸ್ಪೀಕರಿನ ಹಿಂದೆ ಇರಬೇಕು. ಹಾಡದ ಮೈಕುಗಳನ್ನು ತಗ್ಗಿಸಿರಿ; ತೆರೆದಿರುವ ಮೈಕು ಹೆಚ್ಚಿದಷ್ಟೂ ಕೂಗು ಬೇಗ ಏಳುತ್ತದೆ.

ಎಲ್ಲಕ್ಕಿಂತ ದೊಡ್ಡ ಲಾಭ ಬಿಟ್ಟಿಯಾಗಿ ಸಿಗುವಂಥದು. ಬಾಯಿಗೂ ಮೈಕಿಗೂ ಇರುವ ದೂರವನ್ನು ಒಂದು ಗೇಣಿನಿಂದ ಅರ್ಧ ಗೇಣಿಗೆ ಇಳಿಸಿದರೆ ಮೈಕಿಗೆ ಬರುವ ದನಿ ಆರು ಡೆಸಿಬೆಲ್ ಏರುತ್ತದೆ. ಅಂದರೆ ನಾಲ್ಕು ಪಟ್ಟು ವ್ಯಾಟಿನ ಪೆಟ್ಟಿಗೆ ಕೊಂಡಷ್ಟೇ ಫಲ; ಖರ್ಚು ಒಂದು ಕಾಸೂ ಇಲ್ಲ! ದೂರ ಕುಳಿತು ನಾಚಿ ಹಾಡುವ ಹುಡುಗನಿಗೆ ಹತ್ತಿರ ಬಂದು ಹಾಡಲು ಕಲಿಸಿರಿ. ಎಕೋ ತಿರುಪನ್ನು ಮಿತವಾಗಿ ಬಳಸಿರಿ. ಅದು ಹೆಚ್ಚಾದರೆ ಹಾಡಿನ ಮಾತು ಒಂದರ ಮೇಲೊಂದು ಬಿದ್ದು ಅರ್ಥವೇ ಆಗದು.

ಜೀವಕ್ಕೆ ಸಂಬಂಧಿಸಿದ ಮಾತು

ಹಣ ಹೋದರೆ ಮತ್ತೆ ಕೂಡಿಸಬಹುದು. ಜೀವ ಹೋದರೆ ಬಾರದು. ಹಾಡುವವನು ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ತುಟಿಯನ್ನು ಮೈಕಿನ ಕಬ್ಬಿಣಕ್ಕೆ ತಾಗಿಸುತ್ತಾನೆ. ಪೆಟ್ಟಿಗೆಯಲ್ಲಿ ಕರೆಂಟು ಸೋರುತ್ತಿದ್ದರೆ ಅದು ಅವನ ಮೈಯ ಮೂಲಕವೇ ಭೂಮಿಗೆ ಇಳಿಯುತ್ತದೆ. ಇದನ್ನು ತಪ್ಪಿಸಲೆಂದೇ ಪ್ಲಗ್ಗಿನಲ್ಲಿ ಮೂರನೆಯ ದಪ್ಪ ಪಿನ್ ಇರುವುದು. ಎರಡು ತೂತಿನ ಜಾಗಕ್ಕೆ ಸೇರಿಸಲು ಅದನ್ನು ಮುರಿಯುವುದು, ಗುಂಯ್ ಎನ್ನುವ ಸದ್ದು ನಿಲ್ಲಲೆಂದು ಅರ್ಥ್ ವೈರು ಬಿಚ್ಚುವುದು—ಇವು ಪ್ರಾಣಕ್ಕೆ ಎರವಾಗುವ ಕೆಲಸಗಳು. ಗುಡಿಯಲ್ಲಿ ಅರ್ಥ್ ಸರಿಯಾಗಿದೆಯೇ ಎಂಬುದನ್ನು ಬಲ್ಲ ವೈರ್‌ಮನ್ನರಿಂದ ಪರೀಕ್ಷೆ ಮಾಡಿಸಿರಿ. ೩೦ ಮಿಲಿ ಆಂಪಿಯರಿನ ಸೋರಿಕೆಗೇ ಕರೆಂಟು ಕಡಿದುಹಾಕುವ ಬ್ರೇಕರ್ ಒಂದನ್ನು ಹಾಕಿಸಿರಿ. ಅದಕ್ಕೆ ತಗಲುವ ವೆಚ್ಚ ಸೆಟ್ಟಿನ ಬೆಲೆಯ ಮುಂದೆ ಸಣ್ಣದು.

ಮಿಕ್ಸರ್, ಕೀಬೋರ್ಡ್ ಎಲ್ಲಕ್ಕೂ ಒಂದೇ ಪ್ಲಗ್ ಬೋರ್ಡಿನಿಂದ ಕರೆಂಟು ಕೊಡಿ. ಒಂದನ್ನು ಗುಡಿಯಿಂದ, ಇನ್ನೊಂದನ್ನು ಎದುರು ಮನೆಯಿಂದ ಎಳೆದರೆ ಎರಡೂ ಬೇರೆ ಬೇರೆ ಫೇಸ್ ಆಗಿರಬಹುದು. ಎರಡು ಫೇಸುಗಳ ನಡುವೆ ೪೦೦ ವೋಲ್ಟ್ ಇರುತ್ತದೆ. ರಸ್ತೆಯ ಲೈನಿಗೆ ಕೊಕ್ಕೆ ಹಾಕುವುದು ಅಪರಾಧ, ಅಪಾಯ ಎರಡೂ. ಪಂಪುಗಳು ನಡೆಯುವ ಹೊತ್ತಿನಲ್ಲಿ ನಮ್ಮ ಕಡೆ ವೋಲ್ಟೇಜ್ ಇಳಿಯುವುದು ನಿಮಗೆ ಗೊತ್ತೇ ಇದೆ. ಕೊಳ್ಳುವ ಪೆಟ್ಟಿಗೆ ಎಷ್ಟು ವೋಲ್ಟಿನವರೆಗೆ ಇಳಿದರೂ ನಡೆಯುತ್ತದೆಂದು ಕೇಳಿರಿ. ಜನರೇಟರ್ ಹಚ್ಚಿದಾಗ ಅದು ಒಂದೇ ಸಮನೆ ಓಡಲು ತೊಡಗಿದ ಮೇಲೆಯೇ ಮಿಕ್ಸರನ್ನು ಸಿಕ್ಕಿಸಿರಿ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿರಿ

ಎತ್ತು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನಡೆಸಿ ನೋಡದೆ ಹಗ್ಗ ಹಿಡಿಯುವವರುಂಟೇ? ಇಲ್ಲಿಯೂ ಹಾಗೆಯೇ.

೧. ಒಬ್ಬರೇ ಹೋಗಬೇಡಿ. ಹಾಡುವವರೊಬ್ಬರು, ತಬಲದವರೊಬ್ಬರು, ಲೆಕ್ಕ ಬಲ್ಲವರೊಬ್ಬರು ಹೋಗಲಿ. ನಿಮ್ಮ ಹಾಡನ್ನೇ ಹಾಡಿ ಕೇಳಿರಿ. ಅಂಗಡಿಯವರು ಹಾಕುವ ಸಿನಿಮಾ ಹಾಡಿನಿಂದ ಏನೂ ತಿಳಿಯದು.

೨. ಮೈಕು ಸಿಕ್ಕಿಸದೆ ಧ್ವನಿಯ ತಿರುಪನ್ನು ಮೆಲ್ಲಗೆ ಏರಿಸಿರಿ. ಗುಂಯ್ ಎಂಬ ಸದ್ದು ಹೆಚ್ಚಾಗಿ ಬಂದರೆ ಆ ಪೆಟ್ಟಿಗೆ ಬೇಡ.

೩. ಪ್ರತಿ ತಿರುಪನ್ನೂ ಆಚೆ ಈಚೆ ತಿರುಗಿಸಿರಿ. ಕರಕರ ಎನ್ನಬಾರದು. ಪ್ರತಿ ಚಾನೆಲಿಗೂ ಮೈಕು ಸಿಕ್ಕಿಸಿ ನೋಡಿರಿ.

೪. ಅರ್ಧ ಗಂಟೆ ನಡೆಸಿ ಮುಟ್ಟಿ ನೋಡಿರಿ. ಬೆಚ್ಚಗಾಗುವುದು ಸಹಜ, ಕೈ ಇಡಲಾಗದಷ್ಟು ಕಾಯಬಾರದು. ಫ್ಯಾನಿನ ಸದ್ದು ಹಾಡಿಗೆ ಅಡ್ಡ ಬರಬಾರದು.

೫. ಸ್ಪೀಕರಿನ ಆರ್.ಎಂ.ಎಸ್. ಅಂಕೆ ಪೆಟ್ಟಿಗೆಯದಕ್ಕೆ ಸಮವಾಗಿ ಅಥವಾ ಸ್ವಲ್ಪ ಹೆಚ್ಚಾಗಿ ಇರಲಿ.

೬. ರಸೀತಿ ಮತ್ತು ವಾರಂಟಿ ಕಾಗದವನ್ನು ಮಂಡಲಿಯ ಹೆಸರಿನಲ್ಲಿ ಪಡೆಯಿರಿ. ಕೆಟ್ಟರೆ ಎಲ್ಲಿ ರಿಪೇರಿ, ಬಿಡಿಭಾಗ ದೊರೆಯುತ್ತದೆಯೇ ಎಂದು ಕೇಳಿ ಬರೆದುಕೊಳ್ಳಿರಿ. ತಾಲ್ಲೂಕಿನ ಊರಿನಲ್ಲಿಯೇ ರಿಪೇರಿ ಆಗುವ ಸಾದಾ ಪೆಟ್ಟಿಗೆ, ದೂರದ ನಗರಕ್ಕೆ ಕಳಿಸಬೇಕಾದ ಥಳುಕಿನ ಪೆಟ್ಟಿಗೆಗಿಂತ ಮೇಲು.

ಹಳೆಯ ಪೆಟ್ಟಿಗೆ ಅಗ್ಗಕ್ಕೆ ಸಿಕ್ಕಿದರೂ ಈ ಪರೀಕ್ಷೆಗಳಲ್ಲಿ ಗೆದ್ದರೆ ಮಾತ್ರ ಕೊಳ್ಳಿರಿ.

ಕಾಯಿದೆಯ ಮಾತು

ಸ್ವಂತ ಸೆಟ್ ಬಂದಿತೆಂದು ಮನಬಂದಂತೆ ಬಳಸುವ ಹಾಗಿಲ್ಲ. ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು. ಅರ್ಜಿ ಯಾರಿಗೆ ಕೊಡಬೇಕೆಂಬುದನ್ನು ನಿಮ್ಮ ಪೊಲೀಸ್ ಠಾಣೆಯಲ್ಲಿ ವಿಚಾರಿಸಿರಿ. ರಾತ್ರಿ ೧೦ ಗಂಟೆಯಿಂದ ಬೆಳಿಗ್ಗೆ ೬ ಗಂಟೆಯವರೆಗೆ ಬಯಲಿನಲ್ಲಿ ಬಳಸಕೂಡದು. ಹಬ್ಬ ಮತ್ತು ಸಾಂಸ್ಕೃತಿಕ ಸಮಾರಂಭಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ ಹದಿನೈದಕ್ಕೆ ಮೀರದಷ್ಟು ದಿನ ಮಾತ್ರ ರಾತ್ರಿ ೧೨ರವರೆಗೆ ಸಡಿಲಿಕೆ ಕೊಡಬಹುದು. ಬೆಳಗಿನ ಜಾವದ ಭಜನೆಯವರು ಇದನ್ನು ಮುಖ್ಯವಾಗಿ ನೆನಪಿಡಬೇಕು; ಆರು ಗಂಟೆಗೆ ಮುಂಚೆ ಹಾಡುವುದಾದರೆ ಮೈಕಿಲ್ಲದೆಯೇ ಹಾಡಿರಿ. ವಾಸದ ಮನೆಗಳಿರುವ ಪ್ರದೇಶಕ್ಕೆ ಗೊತ್ತುಮಾಡಿದ ಮಿತಿ ಹಗಲು ೫೫ ಡೆಸಿಬೆಲ್, ರಾತ್ರಿ ೪೫. ಸಾರ್ವಜನಿಕ ಸ್ಥಳದ ಎಲ್ಲೆಯಲ್ಲಿ ಧ್ವನಿವರ್ಧಕದ ಸದ್ದು ಆ ಮಿತಿಗಿಂತ ೧೦ ಡೆಸಿಬೆಲ್ ಹೆಚ್ಚನ್ನಾಗಲಿ, ೭೫ ಡೆಸಿಬೆಲನ್ನಾಗಲಿ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು, ಮೀರಬಾರದು.

ಇದರಿಂದಲೂ ತಿಳಿಯುವುದೇನು? ಸಾವಿರಾರು ವ್ಯಾಟಿನ ಪೆಟ್ಟಿಗೆ ಕೊಂಡರೂ ಅದನ್ನು ಪೂರ್ತಿ ಬಿಡುವ ಹಾಗಿಲ್ಲ. ಬಳಸಲಾಗದ ಶಕ್ತಿಗೆ ಹಣ ಏಕೆ ಕೊಡಬೇಕು? ಕಾಯಿದೆ ಇರಲಿ, ಪರೀಕ್ಷೆಗೆ ಓದುವ ಮಗು, ಹಾಸಿಗೆ ಹಿಡಿದ ಅಜ್ಜಿ, ಹಸಿ ಬಾಣಂತಿ ನಮ್ಮ ಊರಿನಲ್ಲಿಯೇ ಇದ್ದಾರಲ್ಲವೇ? ಕೇಳಲು ಬಂದವರಿಗೆ ಕೇಳಿಸಿದರೆ ಸಾಕು.

ಕೊಂಡದ್ದನ್ನು ಕಾಪಾಡುವುದು

ಮಿಕ್ಸರನ್ನು ಹಚ್ಚುವಾಗ, ಆರಿಸುವಾಗ, ವೈರು ಸಿಕ್ಕಿಸುವಾಗ ಮುಖ್ಯ ತಿರುಪನ್ನು ಪೂರ್ತಿ ಇಳಿಸಿರಿ. ಕೆಂಪು ದೀಪ ಪದೇ ಪದೇ ಹೊತ್ತಿದರೆ ದನಿ ಒಡೆಯುತ್ತಿದೆ, ಸ್ಪೀಕರ್ ಸುಡುವ ದಾರಿಯಲ್ಲಿದೆ ಎಂದು ತಿಳಿದು ತಗ್ಗಿಸಿರಿ. ಸ್ಪೀಕರಿಗೆ ದಪ್ಪ ವೈರನ್ನೇ ಬಳಸಿರಿ. ಮೈಕಿನ ತೆಳು ವೈರು ಅದಕ್ಕೆ ತಕ್ಕುದಲ್ಲ. ಪೆಟ್ಟಿಗೆಯ ಗಾಳಿಕಿಂಡಿಗಳ ಮೇಲೆ ಟವೆಲ್, ಹೂವಿನ ಹಾರ, ಮಂಗಳಾರತಿ ತಟ್ಟೆ ಇಡಬೇಡಿ. ಕೆಲಸ ಮುಗಿದ ಮೇಲೆ ವೈರುಗಳನ್ನು ಗಂಟು ಬೀಳದಂತೆ ಸುರುಳಿ ಸುತ್ತಿರಿ. ಕಾಳಿನ ಮೂಟೆಗಳಿರುವ ಕೋಣೆಯಲ್ಲಿ ಸೆಟ್ ಇಟ್ಟರೆ ಇಲಿ ವೈರನ್ನು ಉಳಿಸುವುದಿಲ್ಲ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ನಡೆಸಿದರೆ ತೇವ ಆರುತ್ತದೆ.

ಇಬ್ಬರನ್ನು ಮಾತ್ರ ನೇಮಿಸಿ ಅವರಿಗೆ ತಿರುಪುಗಳ ಕೆಲಸ ಕಲಿಸಿರಿ. ಹತ್ತು ಕೈ ಆಡಿಸಿದ ಪೆಟ್ಟಿಗೆ ಹತ್ತು ದಿನ ಬಾಳದು. ಯಾರು ಒಯ್ದರು, ಯಾವಾಗ ತಂದರು, ಏನು ರಿಪೇರಿಯಾಯಿತು, ಬಾಡಿಗೆ ಎಷ್ಟು ಬಂತು ಎಂಬುದಕ್ಕೆ ಒಂದು ಪುಸ್ತಕವಿರಲಿ. ಮದುವೆ ಮುಂಜಿಗಳಿಗೆ ಕೊಟ್ಟರೆ ಅಲ್ಪ ಬಾಡಿಗೆ ಪಡೆದು ಅದನ್ನು ರಿಪೇರಿ ನಿಧಿಗೆ ಹಾಕಿರಿ.

ಬಂಧುಗಳೇ, ಹೇಳಿದ್ದನ್ನೆಲ್ಲ ಒಂದೇ ಮಾತಿನಲ್ಲಿ ನೆನಪಿಡಬಹುದು. ಮೊದಲು ಎಷ್ಟು ಸಲ ಹಾಡುತ್ತೇವೆ, ಎಷ್ಟು ಮೈಕು ಬೇಕು, ಎಷ್ಟು ಜನ ಕೇಳುತ್ತಾರೆ ಎಂಬ ಮೂರು ಲೆಕ್ಕ. ಆಮೇಲೆ ಒಳ್ಳೆಯ ಸ್ಪೀಕರ್, ಒಳ್ಳೆಯ ಮೈಕು, ಭದ್ರವಾದ ಅರ್ಥ್. ವ್ಯಾಟಿನ ದೊಡ್ಡ ಅಂಕೆ ಎಲ್ಲಕ್ಕೂ ಕೊನೆಗೆ. ಮುಂದಿನ ಸಭೆಯಲ್ಲಿ ಈ ಲೇಖನವನ್ನು ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಹಲಗೆಯ ಮೇಲೆ ನಿಮ್ಮ ಮೇಳದ ಲೆಕ್ಕ ಬರೆಯಲಿ. ಹೀಗೆ ಎಲ್ಲರೂ ತಿಳಿದು ಕೊಂಡ ಸೆಟ್ಟಿನ ಬಗ್ಗೆ ಆಮೇಲೆ ಜಗಳಕ್ಕೆ ಎಡೆಯಿರುವುದಿಲ್ಲ. ಊರಿನ ಹಣವೂ ಊರಿನ ಹಾಡೂ ಎರಡೂ ಉಳಿಯುತ್ತವೆ.